ಹಾಜಿ ದಸೂಕಿಯವರ ಹೊಟ್ಟೆಯ ಆಮ್ಲ ಯಾರ ಆಸ್ತಿ

ಈಜಿಪ್ಟಿನ ತಾಂತಾ ನಗರದ ಜಠರಾಮ್ಲ ಮಂಜೂರಾತಿ ಕಚೇರಿಯಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಎಲ್ಲ ಸಿಬ್ಬಂದಿ ತಿಂಡಿ ತಿನ್ನುತ್ತಾರೆ. ಇದು ನಿಯಮಾವಳಿಯಲ್ಲಿಲ್ಲ, ಆದರೆ ನಿಯಮಾವಳಿಯಲ್ಲಿರುವ ಯಾವುದೂ ಇಷ್ಟು ಕಟ್ಟುನಿಟ್ಟಾಗಿ ಪಾಲನೆಯಾಗುವುದಿಲ್ಲ.

ಕಚೇರಿಯ ಕೆಲಸವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ಯಾರ ಹೊಟ್ಟೆ ಆಮ್ಲವನ್ನು ಅತಿಯಾಗಿ ಸುರಿಸುತ್ತದೋ ಅವರಿಗೆ ಅದನ್ನು ತಗ್ಗಿಸುವ ಮಾತ್ರೆಯನ್ನು ನಾವು ಪುಕ್ಕಟೆ ಕೊಡುತ್ತೇವೆ. ಅತಿ ಎಂದರೆ ಎಷ್ಟು ಎಂದು ತಿಳಿಯಲು, ಖಾಲಿ ಹೊಟ್ಟೆಗೆ ನಳಿಕೆ ಇಳಿಸಿ ಅಳೆಯುತ್ತೇವೆ. ಅಳತೆಯ ಸಮಯ ಹತ್ತು ಗಂಟೆ.

ಹಾಜಿ ದಸೂಕಿ ಇಪ್ಪತ್ತು ವರ್ಷದಿಂದ ನಮ್ಮ ಗೇಟಿನಲ್ಲಿ ತಳ್ಳುಗಾಡಿಯಿಟ್ಟು, ಫೂಲ್ ಎಂಬ ಅವರೆಯಂಥ ಕಾಳನ್ನು ಬೇಯಿಸಿ ರೊಟ್ಟಿಯೊಳಗೆ ತುಂಬಿ ಮಾರುವವರು. ಮೂರು ವಾರದ ಎದೆಯುರಿಯಿಂದ ಗಾಡಿಯ ಬಳಿ ನಿಲ್ಲಲೂ ಆಗದೆ ಅರ್ಜಿ ಹಾಕಿದ್ದರು. ಮಂಗಳವಾರ ಎಂದಿನಂತೆ ನಮ್ಮ ತಿಂಡಿಯ ರೊಟ್ಟಿಗಳನ್ನು ಹಂಚಿ, ನಳಿಕೆ ಹಾಕಿಸಿಕೊಂಡರು.

ಮೇಲಧಿಕಾರಿ ಮದಾಮ್ ಇನ್ಶಿರಾಹ್ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಕಡತ ಹಿಡಿದು ಹೇಳಿದರು:

"ಹಾಜಿ, ಅಳತೆ ಜಾಸ್ತಿನೇ ಬಂದಿದೆ. ಆದ್ರೆ ಆ ಆಮ್ಲ ನಿಮ್ಮದಲ್ಲ."

"ನನ್ ಹೊಟ್ಟೆಯಿಂದ ತಾನೇ ತಾಯಿ ತೆಗೆದಿದ್ದು?"

"ಜಾಗ ನಿಮ್ಮದು. ವಾಸನೆ ನಮ್ಮ ತಿಂಡೀದು. ವಾಸನೆ ಬಡಿದ ತಕ್ಷಣ ತಲೆಯಿಂದ ಹೊಟ್ಟೆಗೆ ನರದ ಮೂಲಕ ಆದೇಶ ಹೋಗತ್ತೆ, ಆಮ್ಲ ಸುರಿಯತ್ತೆ. ಹನ್ನೆರಡನೇ ನಿಯಮದ ಪ್ರಕಾರ, ಕಚೇರಿ ವಾಸನೆಗೆ ಸುರಿದದ್ದು ಕಚೇರಿ ಆಸ್ತಿ."

"ಆ ಕಾಳು ಬೇಯಿಸಿದ್ದೇ ನಾನು!"

"ಅಯ್ಯೋ, ಹಾಗಾದ್ರೆ ಅರ್ಜಿದಾರರೇ ಪ್ರಚೋದನೆ ಕೊಟ್ಟಿದ್ದಾರೆ ಅಂತ ಬರೀಬೇಕಾಗತ್ತೆ. ಬರೀಲಾ?"

"ಬೇಡಮ್ಮ. ಎದೆ ಉರೀತಿದೆ, ಅಷ್ಟೇ."

"ನಾಳೆ ಬನ್ನಿ. ಬರೋವಾಗ ಕಾಳಿಗೆ ಜೀರಿಗೆ ಸ್ವಲ್ಪ ಮುಂದಾಗಿರಲಿ."

ಮರುದಿನ ಹಾಜಿ ಬರಲಿಲ್ಲ, ಮನೆಯಲ್ಲಿ ಮಲಗಿದ್ದರು. ತಿಂಡಿಯಿಲ್ಲದಿದ್ದರೂ ಹತ್ತಕ್ಕೆ ಸರಿಯಾಗಿ ನಮ್ಮ ಹೊಟ್ಟೆಗಳು ಅಭ್ಯಾಸಬಲದಿಂದ ಆಮ್ಲ ಸುರಿಸಿದವು. ಆಮ್ಲ ಮಿತಿಮೀರಿದರೆ ಜಠರ ತಾನಾಗಿಯೇ ಉತ್ಪಾದನೆ ತಗ್ಗಿಸಬೇಕು, ಯಾರ ಸಹಿಗೂ ಕಾಯಬಾರದು. ಆದರೆ ನಮ್ಮವು ಸರ್ಕಾರಿ ಜಠರಗಳು. ಹನ್ನೊಂದರ ಹೊತ್ತಿಗೆ ಹದಿಮೂರು ಮಂದಿ ಎದೆ ಹಿಡಿದು ಕೂತಿದ್ದೆವು. ತುರ್ತು ಸಭೆ ಸೇರಿ ಪ್ರಕಟಣೆ ಹೊರಡಿಸಲಾಯಿತು: "ಸಿಬ್ಬಂದಿಯ ಉರಿಗೆ ಅಳತೆ ಬೇಕಿಲ್ಲ. ವರ್ಷದ ಮಾತ್ರೆ ದಾಸ್ತಾನನ್ನು ಅವರಿಗೇ ಹಂಚತಕ್ಕದ್ದು."

ನಾಲ್ಕನೇ ದಿನ ಹಾಜಿ ಗಾಡಿಯ ಹಿಡಿಗೆ ಜೋತುಬಿದ್ದುಕೊಂಡೇ ಬಂದರು. ಮದಾಮ್ ರೊಟ್ಟಿ ಕೊಂಡು ಹತ್ತು ಪೌಂಡಿನ ನೋಟು ಕೊಟ್ಟರು. ಬೆಲೆ ಹನ್ನೊಂದು.

"ಒಂದು ಪೌಂಡ್ ಚಿಲ್ಲರೆ ಇಲ್ಲ ಹಾಜಿ."

ಚಿಲ್ಲರೆ ಇಲ್ಲದಾಗ ಕೈಗೆ ಸಿಕ್ಕಿದ್ದನ್ನು ಕೊಡುವುದು ನಮ್ಮೂರಿನ ವಾಡಿಕೆ. ಔಷಧಿ ಅಂಗಡಿಯವರೂ ಮಾತ್ರೆಯನ್ನೇ ಕೊಡುತ್ತಾರೆ. ಮದಾಮ್ ಚೀಲದಲ್ಲಿ ತಡಕಾಡಿ ತಮ್ಮ ಪಾಲಿನ ಒಂದು ಮಾತ್ರೆ ಕೊಟ್ಟರು. ಹಾಜಿ ಅಲ್ಲೇ ನಿಂತು ನುಂಗಿದರು.

ಆಮೇಲೆ ನಾವೆಲ್ಲರೂ ಹತ್ತರ ನೋಟನ್ನೇ ತರತೊಡಗಿದೆವು. ಕಾಳಿನ ಬೆಲೆ ಏರಿದರೂ ಇಳಿದರೂ ಹಾಜಿ ರೊಟ್ಟಿಯನ್ನು ಹನ್ನೊಂದರ ಕೆಳಗೆ ಇಳಿಸಲಿಲ್ಲ, ಹನ್ನೆರಡಕ್ಕೆ ಏರಿಸಲೂ ಇಲ್ಲ. ತಿಂಗಳೊಳಗೆ ಉರಿ ನಿಂತಿತು.

ಅವರ ಕಡತವನ್ನು ನಾನೇ ಮುಗಿಸಿದೆ: "ಅರ್ಜಿದಾರರು ಆರೋಗ್ಯವಾಗಿದ್ದಾರೆ. ಮಾತ್ರೆ ಕೊಡುವ ಅಗತ್ಯ ಕಂಡುಬಂದಿಲ್ಲ." ಹಾಜಿ ಓದಿಸಿಕೊಂಡು, ಸರಿಯಾಗಿದೆ ಎಂದು ತಲೆಯಾಡಿಸಿ, ಆ ದಿನದ ಮಾತ್ರೆ ನುಂಗಿ ಸಹಿ ಹಾಕಿದರು.