ಸಾಹುಕಾರರ ಅಂಗಳದ ಮಳೆ

ಊರಲ್ಲಿ ಬೇರೆಲ್ಲೂ ಒಂದು ಹನಿ ಬೀಳದಿದ್ದರೂ ಸಾಹುಕಾರರ ಕಾಫಿತೋಟಕ್ಕೆ, ಕಾಫಿ ಹೂ ಅರಳಿಸುವ ಹೂಮಳೆ ತಪ್ಪುವುದಿಲ್ಲ. ನಮ್ಮ ಪಂಚಾಯ್ತಿಯಲ್ಲಿ ಎಲ್ಲರೂ ಇದನ್ನು ನಂಬಿದ್ದರು. ಇಂಥದ್ದನ್ನು ನಂಬುವ ಊರಲ್ಲಿ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಸುಮ್ಮನೆ ಸಭೆಗೆ ಹೋಗಿ ಕೂತರೆ ಸಾಕು.

ಭೂಗೋಳದಲ್ಲಿ ಎಂ.ಎ. ಮಾಡಿದ ತಪ್ಪಿಗೆ ಪಂಚಾಯ್ತಿಯ ಬರ ನಿರ್ವಹಣಾ ಯೋಜನೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

ಮೇವಿನ ಬ್ಯಾಂಕು

ಮೇಲಿನಿಂದ ಒಂದು ಮಾದರಿ ಬಂತು, ಬಯಲುಸೀಮೆಗೆಂದು ಬರೆದದ್ದು. ಅದರ ಪ್ರಕಾರ ನಾವು ಕುರಿಗಳಿಗೆ ಮೇವಿನ ಬ್ಯಾಂಕು ತೆರೆಯಬೇಕು. ನಮ್ಮೂರಲ್ಲಿ ಇದ್ದದ್ದು ಒಂದೇ ಕುರಿ. ಅದೂ ಮಾಂಸದಂಗಡಿಯವನ ಹಿತ್ತಲಲ್ಲಿ, ಭಾನುವಾರದವರೆಗೆ.

"ಬರೆದುಬಿಡಿ ಸಾರ್, ಕಾಲಂ ಖಾಲಿ ಇರಬಾರದು" ಎಂದರು ಪಿಡಿಒ.

ಬರೆದೆ. ಮಂಜೂರಾತಿ ಸೋಮವಾರ ಬಂತು. ಫಲಾನುಭವಿ ಇರಲಿಲ್ಲ.

ಅಜ್ಜ ಉಳಿಸಿದ ಮರಗಳು

ಸಾಹುಕಾರರ ತೋಟದ ಕೆಳಗೆ ಕೂಲಿಯವರ ಕಾಲೋನಿ. ಫೆಬ್ರವರಿಯಿಂದ ಅಲ್ಲಿ ನಲ್ಲಿ ಒಣಗಿತ್ತು, ಹಳ್ಳದ ಗುಂಡಿಯಲ್ಲಿ ಕೆಸರು ಮಾತ್ರ. ಮೇಲೆ ಸಾಹುಕಾರರ ಮೋಟರು ಕಾಫಿ ಹೂವಿಗೆಂದು ಅದೇ ಹಳ್ಳದ ನೀರೆತ್ತಿ ಸ್ಪ್ರಿಂಕ್ಲರ್ ಹಾರಿಸುತ್ತಿತ್ತು.

ಹಾಗಾದರೆ ಟ್ಯಾಂಕರ್ ಕಳಿಸಿ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿದೆ. ಆಗದು ಎಂದರು. ಪಂಚಾಯ್ತಿಗೆ ಸ್ವಂತ ಮಳೆಮಾಪಕ ಇಲ್ಲ, ಊರಿಗೆಲ್ಲ ಸಾಹುಕಾರರ ಅಂಗಳದ ಮಾಪಕದ್ದೇ ಲೆಕ್ಕ. ಅದರ ಪ್ರಕಾರ ಊರಿಗೆ ಮಳೆಯಾಗಿದೆ, ಬರವಿಲ್ಲ.

"ಬರ ಅಂದ್ರೆ ಬಯಲುಸೀಮೆ ಕಡೂರು ಮಾರಾಯ, ಇಲ್ಲೆಂಥ ಬರ?" ಎಂದರು ಸಾಹುಕಾರರು. "ನಮ್ಮಜ್ಜ ಮರ ಕಡಿಯಲಿಲ್ಲ. ಅದಕ್ಕೇ ಮೋಡ ನಮ್ಮಲ್ಲಿ ನಿಲ್ತದೆ."

ಪಕ್ಕದ ತೋಟದವರ ಅಜ್ಜನೂ ಕಡಿದಿರಲಿಲ್ಲ. ಮೋಡಕ್ಕೆ ಅದು ತಿಳಿದಂತಿಲ್ಲ.

ನಮಗೂ ತೋರಿಸಿ

ಗ್ರಾಮಸಭೆಯಲ್ಲಿ ಕಾಲೋನಿಯ ಪಂಚಾಯ್ತಿ ಸದಸ್ಯೆ ಎದ್ದು ನಿಂತಳು. ಅವಳು ಕಾಫಿ ಕುಯ್ಯುವುದು ಸಾಹುಕಾರರ ತೋಟದಲ್ಲೇ. ಮಾತಾಡಿದರೆ ನಾಳೆಯ ಕೆಲಸಕ್ಕೆ ಸಂಚಕಾರ.

"ಸಾವ್ಕಾರ್ರೆ, ಮಳೆ ಬಂದಿದ್ದು ಸುಳ್ಳು ಅಂತ ನಾನು ಹೇಳಲ್ಲ. ನಿಮ್ಮ ಅಂಗಳದಾಗೆ ಬೀಳೋದು ನಮಗೂ ಒಂದ್ಸಲ ತೋರ್ಸಿ. ಕೊಡ ತಗೊಂಡೇ ಬರ್ತೀವಿ."

ಸಭೆ ನಕ್ಕಿತು. ಸಾಹುಕಾರರಿಗೆ ರೇಗಿತು.

"ಬನ್ನಿ! ಎಲ್ಲರೂ ಬನ್ನಿ! ಮಳೆಮಾಪಕಾನೇ ನೋಡಿ. ಬೆಂಗಳೂರಿಂದ ತರಿಸಿದ್ದು. ಇಂಚಿಗೆ ನೂರು ಸೆಂಟು, ಒಂದು ಸೆಂಟೂ ತಪ್ಪಲ್ಲ."

"ಕಾಫಿ ಕೊಡ್ತೀರಾ?" ಎಂದರು ಪಿಡಿಒ. ಸ್ಥಳ ಪರಿಶೀಲನೆ ನಿಗದಿಯಾಯಿತು.

ಎಷ್ಟಾಯ್ತು?

ಈಗ ಯೋಜನೆಯಲ್ಲಿ ಮೊದಲ ಸಾಲು ಹೀಗಿದೆ: ಹಳ್ಳದ ನೀರು ಮೊದಲು ಕಾಲೋನಿಗೆ, ಉಳಿದರೆ ಹೂವಿಗೆ. ಮಳೆಮಾಪಕ ಶಾಲೆಯ ಮೈದಾನಕ್ಕೆ ಹೋಗಿದೆ. ಕಾಲೋನಿಗೆ ಟ್ಯಾಂಕರ್ ಬಂತು, ಆಮೇಲೆ ಹಳ್ಳದ ನೀರೇ ಬಂತು. ಸದಸ್ಯೆಯ ಕೆಲಸವೂ ಉಳಿದಿದೆ; ಅವಳನ್ನು ತೆಗೆದರೆ ಉಳಿದವರೂ ಕುಯ್ಯುವುದಿಲ್ಲ ಎಂದು ಮೇಸ್ತ್ರಿ ಮೊದಲೇ ಹೇಳಿದ್ದ. ಇದಕ್ಕೆ ನನ್ನ ಎಂ.ಎ. ಕಾರಣವಲ್ಲ.

ಕಾರಣ ಪರಿಶೀಲನೆಯ ದಿನ ನಡೆದದ್ದು. ಅವತ್ತು ಕರೆಂಟು ಇರಲಿಲ್ಲ. ಅಂಗಳದಂಚಿನಲ್ಲಿ, ತೋಟಕ್ಕೆ ತಾಗಿದಂತೆ ಮಳೆಮಾಪಕ. ತಾಲ್ಲೂಕಿನ ಅಧಿಕಾರಿ, ಪಿಡಿಒ, ನಾನು ಅದರ ಸುತ್ತ ನಿಂತಿದ್ದೆವು. ಬೇಲಿಯಾಚೆ ಕೊಡ ಹಿಡಿದ ಹೆಂಗಸರು. ಸಾಹುಕಾರರ ಮಾತು ಅಜ್ಜನ ಮರಗಳವರೆಗೆ ಬಂದಿತ್ತು.

ಆಗ ತ್ರೀಫೇಸ್ ಕರೆಂಟು ಬಂತು. ಹಳ್ಳದ ಬಳಿ ಆಟೋಸ್ಟಾರ್ಟರ್ ತನ್ನ ಪಾಡಿಗೆ ಮೋಟರು ಎಬ್ಬಿಸಿತು. ಕಾಫಿಗಿಡಗಳ ನಡುವಿನ ಸ್ಪ್ರಿಂಕ್ಲರ್ ಜೆಟ್ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ನಿಧಾನಕ್ಕೆ ನಮ್ಮ ಕಡೆ ತಿರುಗಿತು. ಅಧಿಕಾರಿ ಫೈಲನ್ನು ತಲೆಗೆ ಹಿಡಿದರು. ಪಿಡಿಒ ಕಾಫಿ ಲೋಟಕ್ಕೆ ಅಂಗೈ ಮುಚ್ಚಿದರು. ಬೇಲಿಯಾಚೆಯಿಂದ ಸದಸ್ಯೆ ಕೂಗಿದಳು: "ನಾವು ಕೊಡ ಇಡೋದಾ ಸಾವ್ಕಾರ್ರೆ?"

ಸಾಹುಕಾರರು ನೆತ್ತಿಯಿಂದ ನೀರಿಳಿಯುತ್ತ ನಿಂತಿದ್ದರು. ಆದರೆ ಜೀವಮಾನದ ರೂಢಿ ಬಿಡಬೇಕಲ್ಲ. ಮೈ ನೆನೆದ ತಕ್ಷಣ, ದಿನಾ ಮಳೆಲೆಕ್ಕ ಬರೆಯುವ ತೋಟದ ರೈಟರ್ ಕಡೆ ತಿರುಗಿ ಕೇಳಿಯೇಬಿಟ್ಟರು:

"ಎಷ್ಟಾಯ್ತು ನೋಡೋ?"

ರೈಟರ್ ಮಳೆಮಾಪಕದ ಅಳತೆಗಾಜನ್ನು ಬೆಳಕಿಗೆ ಹಿಡಿದು, ಅಷ್ಟೇ ಗಂಭೀರವಾಗಿ ಹೇಳಿದ: "ಎರಡು ಸೆಂಟು, ಸಾರ್."

ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.