ನಾನು ಕ್ಯಾರವಾನ್ ಎಳೆದು ಗೆದ್ದದ್ದು

ಚಕ್ರವಿರುವ ವಸ್ತು ಕಂಡರೆ ಕೆಲವು ಗಂಡಸರಿಗೆ ಬುದ್ಧಿ ಕೈಕೊಡುತ್ತದೆ. ನಾನು ಆ ಪೈಕಿ. ಪೆನಾಂಗ್ ದ್ವೀಪದ ಬಯಾನ್ ಲೆಪಾಸಿನ ಕಾರ್ಖಾನೆಯಲ್ಲಿ ಕೂದಲಿಗಿಂತ ಸಣ್ಣ ತಂತಿಗಳ ಜೊತೆ ಗುದ್ದಾಡುವ ಎಂಜಿನಿಯರ್ ನಾನು. ರಜೆಯಲ್ಲಿ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ತಿರುಗುವ ಹುಚ್ಚು ಹತ್ತಿ, ಒಂದು ಹಳೆಯ ಕ್ಯಾರವಾನನ್ನೂ ಅದನ್ನೆಳೆಯಲು ಪಿಕಪ್ಪನ್ನೂ ಕೊಂಡೆ. ಈ ಜಾತಿಯ ಪಿಕಪ್ಪಿಗೆ ‘ಅರ್ಧ ಟನ್’ ಎಂದು ಹೆಸರು. ತೂಗಿದರೆ ಎರಡು ಟನ್ನಿಗೂ ಮೇಲೆ. ನಮ್ಮ ದಾವಣಗೆರೆಯ ಓಣಿಯಲ್ಲಿ ಆರಡಿ ಎತ್ತರದ ಆಸಾಮಿಯನ್ನು ಎಲ್ಲರೂ ಗಿಡ್ಡ ಎನ್ನುತ್ತಿದ್ದ ಹಾಗೆ.

ಮೊದಲ ಪ್ರವಾಸದಲ್ಲೇ ಮಾನ ಹೋಯಿತು. ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದ್ದೇ ತಡ, ಕ್ಯಾರವಾನ್ ಹಿಂದಿನಿಂದ ಎಡಕ್ಕೂ ಬಲಕ್ಕೂ ಓಲಾಡತೊಡಗಿತು. “ಪಪ್ಪಾ, ಇಟ್ಸ್ ಡಾನ್ಸಿಂಗ್ ಲಾ!” ಎಂದು ಮಗಳು ಇಲ್ಲಿಯ ಮಕ್ಕಳ ಇಂಗ್ಲಿಷಿನಲ್ಲಿ ಕೂಗಿ ಚಪ್ಪಾಳೆ ತಟ್ಟಿದಳು. ಹೆಂಡತಿ ನಸೀಮಾ ಮನೆಗೆ ಬಂದ ಮೇಲೆ ತೀರ್ಪು ಕೊಟ್ಟಳು: “ಇನ್ನೊಂದೇ ಚಾನ್ಸ್ ರೀ. ಮೆಲಾಕಾಕ್ಕೆ ಅಣ್ಣನ ಮನೆಗೆ ನೆಟ್ಟಗೆ ಕರ್ಕೊಂಡು ಹೋದ್ರೆ ಸರಿ. ಇಲ್ಲಾಂದ್ರೆ ಮಾರಿಬಿಡಿ.”

ಹಗುರವಾದರೆ ಗಾಡಿ ಅಲ್ಲಾಡುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಪಾತ್ರೆ, ಕುರ್ಚಿ, ಕೊನೆಗೆ ಕಿಟಕಿಯ ಪರದೆಯನ್ನೂ ಇಳಿಸಿದೆ. “ನಿನ್ನ ಆ ಕಲ್ಲಿನ ಗ್ರೈಂಡರ್ ಬಂದ್ರೆ ನಾನು ಬರಲ್ಲ” ಎಂದೆ. ನಸೀಮಾ ಸುಮ್ಮನಿದ್ದಳು. ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಪೆನಾಂಗ್ ಸೇತುವೆಯ ಮೇಲೆ ಸಮುದ್ರದ ಗಾಳಿ ರಪ್ಪೆಂದು ಹೊಡೆಯಿತು; ಕ್ಯಾರವಾನ್ ಮಿಸುಕಲಿಲ್ಲ. ಹೆದ್ದಾರಿಯಲ್ಲಿ ಬಸ್ಸುಗಳು ಪಕ್ಕದಲ್ಲೇ ಭರ್ರೆಂದು ಹಾದುಹೋದವು; ಊಹೂಂ. ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಹಿಂದೆಯೇ ಬಂತು. ನನ್ನ ಎದೆ ಉಬ್ಬಿ ಸೀಟ್ ಬೆಲ್ಟ್ ಬಿಗಿಯಾಯಿತು. ಮೆಲಾಕಾ ಮುಟ್ಟುವವರೆಗೂ ತೂಕದ ಬಗ್ಗೆ ಪಾಠ ಮಾಡಿದೆ. “ಆಯ್ತು ರೀ, ಮಾರೋದು ಬೇಡ” ಎಂದಳು ನಸೀಮಾ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಡಾಕ್ಟರ್ ಭಾವ ಅಂಗಳಕ್ಕೇ ಬಂದು ಅಪ್ಪಿಕೊಂಡು, “ಭೇಷ್! ಎಂಜಿನಿಯರ್ ಅಂದ್ರೆ ನೀವೇ” ಎಂದರು. ಅಷ್ಟು ಖುಷಿ ನನಗೆ ನಿಕಾಹ್ ದಿನವೂ ಆಗಿರಲಿಲ್ಲ.

ಸಾಮಾನು ಇಳಿಸಲು ಬಾಗಿಲು ತೆಗೆದೆ. ಮುಂಭಾಗದಲ್ಲಿ, ಪಿಕಪ್ಪಿಗೆ ಸಿಕ್ಕಿಸುವ ಕೊಂಡಿಯ ಕಡೆಗೆ, ಕಂಬಳಿ ಹೊದ್ದು ಗ್ರೈಂಡರ್ ಕೂತಿತ್ತು. ಆಚೀಚೆ ಎರಡು ಅಕ್ಕಿ ಮೂಟೆ. ಎಲ್ಲ ಅರ್ಥವಾಯಿತು. ಹೋದ ಸಲ ಭಾರವನ್ನೆಲ್ಲ ನಾನು ಹಿಂದಿನ ಕಪಾಟಿಗೆ ತುಂಬಿದ್ದೆ. ಅದಕ್ಕೇ ಗಾಡಿ ಕುಣಿದಿತ್ತು. ಈ ಸಲ ಮುಂದಿನ ಭಾರ ಕೊಂಡಿಯನ್ನು ಅದುಮಿ ಹಿಡಿದು ಅದನ್ನು ನೆಟ್ಟಗೆ ನಡೆಸಿತ್ತು. ನನ್ನನ್ನು ಗೆಲ್ಲಿಸಿದ್ದು ಒಂದು ರುಬ್ಬುವ ಕಲ್ಲು. ಪುಣ್ಯಕ್ಕೆ ಇದು ಬೇರೆ ಯಾರಿಗೂ ಹೊಳೆಯಲಿಲ್ಲ. “ಸಾರಿ ರೀ, ಅಣ್ಣನಿಗೆ ನನ್ನ ಕೈ ದೋಸೆ ಅಂದ್ರೆ ಪ್ರಾಣ” ಎಂದಳು ನಸೀಮಾ. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಹೊರಡುವಾಗ ಅವಳು, “ಅತ್ತಿಗೆಗೆ ಗ್ರೈಂಡರ್ ತುಂಬಾ ಹಿಡಿಸಿದೆ, ಕೊಟ್ಟುಬಿಡೋಣ. ಹೇಗೂ ನಿಮಗೆ ಅದನ್ನ ಕಂಡ್ರೆ ಆಗಲ್ಲ” ಎಂದಳು. ವಾಪಸ್ ಹೋಗುವ ಹೆದ್ದಾರಿ ನೆನಪಾಗಿ ನಾನು ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, “ಸಾಧ್ಯವೇ ಇಲ್ಲ!” ಎಂದೆ. ಭಾವನ ಮುಖ ಚಿಕ್ಕದಾಯಿತು. ಅಂದಿನಿಂದ ಮೆಲಾಕಾದಲ್ಲಿ ನನ್ನ ಹೆಸರು ಜಿಪುಣ. ಇರಲಿ. ಕಾರಣ ಹೇಳಿದರೆ ಆ ಹೆಸರೇನೋ ಅಳಿಸಿಹೋಗುತ್ತದೆ. ಅದರ ಜೊತೆಗೆ ಎಂಜಿನಿಯರ್ ಎಂಬುದೂ.