ಗುಡುಗು, ದೋಣಿ ಮತ್ತು ಚಿಕ್ಕಪ್ಪನ ಅರ್ಧ ಗಂಟೆ

ಸಿಡಿಲಿಗೂ ನನ್ನ ಚಿಕ್ಕಪ್ಪನಿಗೂ ಯಾವುದೋ ಹಳೇ ಕೋರ್ಟ್ ವ್ಯಾಜ್ಯವಿರಬೇಕು! ಭದ್ರಾವತಿಯ ಕಾರ್ಖಾನೆಯೊಂದರ ಸೇಫ್ಟಿ ವಿಭಾಗದಿಂದ ನಿವೃತ್ತರಾದ ಈ ಮಹಾನುಭಾವರು, ಮೋಡ ಕಂಡರೆ ಸಾಕು, ಊರಿಗೆಲ್ಲ ಪಾಠ ಶುರು ಮಾಡುತ್ತಾರೆ. ಒಮ್ಮೆ ವಿದ್ಯಾನಗರದ ನಮ್ಮ ಮನೆಗೆ ಊಟಕ್ಕೆಂದು ಸ್ಕೂಟರಿನಲ್ಲಿ ಹೊರಟವರು, ದಾರಿ ಮಧ್ಯೆ ಮಲವಗೊಪ್ಪದಲ್ಲಿ ಗುಡುಗು ಕೇಳಿ ಯಾರದೋ ಮನೆಗೆ ನುಗ್ಗಿದರು. ಕೊನೆಯ ಗುಡುಗಿನಿಂದ ಅರ್ಧ ಗಂಟೆ ಹೊರಗೆ ಕಾಲಿಡಬಾರದಂತೆ. ಮತ್ತೆ ಗುಡುಗಿತೋ, ಅರ್ಧ ಗಂಟೆ ಮತ್ತೆ ಮೊದಲಿನಿಂದ! ಆ ಮನೆಯವರು ಪಾಪ, ಊಟ ಹಾಕಿಯೇ ಕಳಿಸಿದರು. ನಮ್ಮ ಹೋಳಿಗೆಯನ್ನು ನಾವೇ ತಿಂದೆವು.

ಇಂಥವರನ್ನು ಕಟ್ಟಿಕೊಂಡ ಚಿಕ್ಕಮ್ಮನಿಗೆ ಇದ್ದದ್ದು ಒಂದೇ ಆಸೆ. ಭದ್ರಾ ಹಿನ್ನೀರಿನಲ್ಲಿ ಒಂದು ಸಲ ದೋಣಿಯಲ್ಲಿ ಹೋಗಬೇಕು. ಮದುವೆಯಾದಾಗಿನಿಂದ ಕೇಳುತ್ತಿದ್ದರು. ಚಿಕ್ಕಪ್ಪನ ಉತ್ತರವೂ ಆಗಿನಿಂದ ಒಂದೇ: "ಮೋಡ ಇದೆ ಕಣೇ." ಬೇಸಿಗೆಯಲ್ಲೂ ಮೋಡ!

ಕಳೆದ ಏಪ್ರಿಲ್‌ನಲ್ಲಿ ಚಿಕ್ಕಮ್ಮನ ಮಂಡಿಗೆ ಆಪರೇಷನ್ ಎಂದಾಯಿತು. "ಆಮೇಲೆ ದೋಣಿ ಹತ್ತಕ್ಕಾಗುತ್ತೋ ಇಲ್ವೋ" ಎಂದು ಅವರು ಕಣ್ಣೀರು ಹಾಕಿದ್ದೇ ತಡ, ಚಿಕ್ಕಪ್ಪ ಒಪ್ಪಿಬಿಟ್ಟರು. ತಮಾಷೆ ನೋಡಲು ನಾನೂ ಹೊರಟೆ.

ಎಲ್ಲರ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಮೂರು ಮೂರು ಸಲ ಎಳೆದು ನೋಡಿದ ಮೇಲೆ ದೋಣಿ ಹೊರಟಿತು. ಇಪ್ಪತ್ತು ಮಾರು ಹೋಗಿರಲಿಲ್ಲ, ದೂರದಲ್ಲೆಲ್ಲೋ ಗುಡುಗಿತು.

"ತಿರುಗ್ಸು ಮಾರಾಯ! ಎಲ್ಲಾರೂ ತಗ್ಗಿ ಕೂತ್ಕೊಳ್ಳಿ! ಯಾರೂ ನೀರಿಗೆ ಕೈ ಹಾಕ್ಬೇಡಿ!"

"ಸಾರ್, ಅದು ಎಲ್ಲೋ ದೂರದಲ್ಲಿ..." ಎಂದ ದೋಣಿಯವನು.

"ನಿಂಗೆ ಕೇಳಿಸ್ತು ತಾನೆ? ಹಂಗಾದ್ರೆ ತಲೆ ಮೇಲೇ ಬಂತು ಅಂತ ತಿಳ್ಕೋ!"

ದಡ ಸೇರಿ ಕಾರಿನೊಳಗೆ ಕೂತು ಹತ್ತು ನಿಮಿಷವಾಗಿರಲಿಲ್ಲ, ಧೋ ಎಂದು ಮಳೆ. ನಾವು ಹೋಗಬೇಕಿದ್ದ ಕಡೆಯೇ ಸಿಡಿಲು ಛಟೀರೆಂದು ನೀರಿಗೆ ಬಿತ್ತು. ತಮಾಷೆ ನೋಡಲು ಬಂದಿದ್ದ ನಾನೇ ಮೊದಲು ಕಾರಿನ ಗಾಜು ಏರಿಸಿದೆ.

ಮಳೆ ನಿಂತರೂ ಗುಡುಗು ನಿಲ್ಲಲಿಲ್ಲ. ಅರ್ಧ ಗಂಟೆ ಮೂರು ಸಲ ಮೊದಲಿನಿಂದ ಶುರುವಾಯಿತು! ಮೂರನೆಯದು ಮುಗಿಯುವಷ್ಟರಲ್ಲಿ ದೋಣಿಯವನು ಹಗ್ಗ ಕಟ್ಟಿ, "ಟೈಮ್ ಆಯ್ತು ಸಾರ್, ಇವತ್ತಿಗೆ ಮುಗೀತು" ಎಂದ. ಚಿಕ್ಕಮ್ಮ "ಹೋಗ್ಲಿ ಬಿಡಿ" ಎಂದು ಮುಖ ಆಚೆ ತಿರುಗಿಸಿದರು.

ಜನ್ಮದಲ್ಲಿ ಯಾರ ಮುಂದೆಯೂ ಗೋಗರೆಯದ ಚಿಕ್ಕಪ್ಪ ಕಾರಿನಿಂದ ಇಳಿದು ಹೋಗಿ ಅವನ ಕೈ ಹಿಡಿದುಕೊಂಡರು. "ಒಂದೇ ಒಂದು ಸುತ್ತು ಮಾರಾಯ. ದಡದ ಪಕ್ಕಾನೇ ಸಾಕು. ಮದುವೆ ಆದಾಗಿಂದ ಕಾಯ್ತಾ ಇದಾಳೆ, ನನ್ನಿಂದಾಗಿ."

ಅವನು ಹಗ್ಗ ಬಿಚ್ಚಿದ. ಆಕಾಶ ತಿಳಿಯಾಗಿತ್ತು, ಗುಡುಗಿನ ಸುಳಿವೇ ಇರಲಿಲ್ಲ. ಆದರೂ ಚಿಕ್ಕಪ್ಪ ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಯಲ್ಲಿ ಹಲಗೆ ಹಿಡಿದು, ಗಡಗಡ ನಡುಗುತ್ತಿದ್ದರು. ಅಯ್ಯೋ ದೇವರೇ, ಇವರಿಗೆ ಹೆದರಿಕೆ ನೀರಿನದು! ದೋಣಿಯ ಮಾತು ಬಂದಾಗೆಲ್ಲ ಇಷ್ಟು ವರ್ಷ ಅದನ್ನು ಪಾಪದ ಮೋಡದ ಮೇಲೆ ಹಾಕಿದ್ದರು.

"ಕಣ್ಣು ಬಿಡ್ರೀ, ಎಷ್ಟು ಚೆಂದ ಇದೆ!" ಎಂದರು ಚಿಕ್ಕಮ್ಮ.

"ನೀನು ನೋಡೇ. ನೋಡಿ ನಂಗೆ ಹೇಳು, ಸಾಕು."

ನನ್ನ ಕಣ್ಣು ತುಂಬಿ ಬಂತು. ಚಿಕ್ಕಮ್ಮ ಅವರ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಗುಡ್ಡ, ಬೆಳ್ಳಕ್ಕಿ, ನೀರಿನ ಬಣ್ಣ, ಒಂದೂ ಬಿಡದೆ ಹೇಳುತ್ತಾ ಹೋದರು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು, "ಹೂಂ, ಆಮೇಲೆ?"